ಒಂದು ತುಂಡು ಕಿತ್ತು ನೋಡಿ

ವಿನ್ಯಾಸ ತರಗತಿಯ ಮೇಡಂಗೆ ವಿದ್ಯಾರ್ಥಿಗಳಿಟ್ಟ ಹೆಸರು ‘ಬ್ಲೇಡು’. ರಟ್ಟು ಕೊಯ್ಯುವುದರಲ್ಲೂ ಅಷ್ಟೇ, ಮಾತಿನಲ್ಲೂ ಅಷ್ಟೇ. ಆ ಬ್ಲೇಡನ್ನು ಮಸೆದವರು ಮಾತ್ರ ಬೇರೊಬ್ಬರು: ಹಿಂದೆ ಇದೇ ಕೋಣೆಯಲ್ಲಿ ಅವರಿಗೆ ಪಾಠ ಹೇಳಿದ ದೊಡ್ಡ ಮೇಷ್ಟ್ರು.

ಮೇಷ್ಟ್ರದೊಂದು ಪದ್ಧತಿಯಿತ್ತು. ರಟ್ಟಿನ ಮಾದರಿಯಲ್ಲಿ ಬಾಗಿಲು, ಕಿಟಕಿ, ಮನೆ ಯಾವುದೂ ಕಾಣಬಾರದು. ಬರೀ ಹಲಗೆ, ಡಬ್ಬಿ, ನಡುವೆ ಖಾಲಿ ಜಾಗ. ಯಾವುದು ಯಾವುದಕ್ಕೆ ಹತ್ತಿರ, ಯಾವುದರ ಭಾರ ಯಾವುದರ ಮೇಲೆ, ಅಷ್ಟೇ ತೋರಿಸಬೇಕು. ಆಮೇಲೆ ಅವರು ಬಂದು ಒಂದು ತುಂಡು ಕೀಳುತ್ತಿದ್ದರು. ಉಳಿದದ್ದು ನಿಂತರೆ ಆ ತುಂಡು ದಂಡ, ಬಿದ್ದರೆ ಮಾಡಿದವರೇ ದಂಡ. ನ್ಯಾಯ ನೋಡಿ! ಅಂದು, ಇನ್ನೂ ವಿದ್ಯಾರ್ಥಿನಿಯಾಗಿದ್ದ ಮೇಡಂ ಮಾಡಿದ ಮಾದರಿ ಬಿತ್ತು.

‘ನೀನು ಹೋಗಿ ಚಪ್ಪಲಿ ಡಬ್ಬ ಮಾಡಮ್ಮ,’ ಎಂದರು ಮೇಷ್ಟ್ರು.

ಕೋಣೆಗೆ ಕೋಣೆಯೇ ನಕ್ಕಿತು. ಓದು ಮುಗಿಯುವವರೆಗೂ ಅವಳ ಹೆಸರು ‘ಚಪ್ಪಲಿ ಡಬ್ಬ’. ಮರೆಯಲು ಅವಳೇನು ಕಲ್ಲೇ? ಹಲ್ಲು ಕಚ್ಚಿ ಓದಿದಳು, ಅದೇ ಕೋಣೆಗೆ ಮೇಡಂ ಆಗಿ ಬಂದಳು, ಕಾದಳು.

ಈ ವರ್ಷ ಮೇಷ್ಟ್ರ ಮಗಳೇ ಬಂದು ತರಗತಿಯಲ್ಲಿ ಕೂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬಾರದೆಂದು ಮೇಡಂಗೂ ಗೊತ್ತು. ಆದರೆ ಎತ್ತು ನಿವೃತ್ತಿಯಾಗಿ ಮನೆಯಲ್ಲಿ ಕೂತಿದೆಯಲ್ಲ, ಏನು ಮಾಡುವುದು?

ಹುಡುಗಿಯ ಮೇಜಿನ ಮುಂದೆ ಹೋಗಿ ನಿಂತರು. ದೊಡ್ಡದೊಂದು ಕಪ್ಪು ಡಬ್ಬಿ ವಾಲಿಕೊಂಡು, ಪುಟ್ಟ ಬಿಳಿ ಡಬ್ಬಿಯ ಮೇಲೆ ಭಾರ ಹಾಕಿತ್ತು. ಎಲ್ಲಿಯೂ ಅಂಟಿಲ್ಲ. ಮೇಡಂ ಕೈ ಚಾಚಿದರು.

‘ಬಿಳೀದನ್ನ ಕೀಳಬೇಡಿ ಮೇಡಂ. ಅದು ಅಪ್ಪನಿಗೆ ಅಂತ ಇಟ್ಟಿರೋದು.’

‘ಯಾಕೆ?’

‘ನಾನು ಏನು ಮಾಡಿದ್ರೂ ಕಿತ್ತು ನೋಡ್ತಾರೆ, ಮನೇಲೂ ಅಷ್ಟೇ. ನನ್ನ ಏನಂತ ಕರೀತಾರೆ ಗೊತ್ತಾ? ಚಪ್ಪಲಿ ಡಬ್ಬ.’

ಚಾಚಿದ ಕೈ ಹಿಂದಕ್ಕೆ ಬಂತು. ಸೇಡೇನೂ ಹೋಗಲಿಲ್ಲ, ಅದು ಹೋಗಬೇಕಾದ ವಿಳಾಸ ಮೇಡಂಗೆ ನೆನಪಾಯಿತು.

ಪ್ರದರ್ಶನದ ದಿನ ಮೇಷ್ಟ್ರಿಗೆ ತಾವೇ ಕುರ್ಚಿ ಹಾಕಿಸಿ ಬಾಯ್ತುಂಬ ಮಾತಾಡಿಸಿದರು. ಕೋಣೆ ತುಂಬ ಅವರ ಹಳೆಯ ಶಿಷ್ಯರು.

‘ನಿಮ್ಮ ಪದ್ಧತಿ ನಾವು ಮರೆತಿಲ್ಲ ಸರ್,’ ಎಂದರು ಮೇಡಂ. ‘ಮಗಳ ಮಾದರಿ ಇದು. ಒಂದು ತುಂಡು ಕಿತ್ತು ನೋಡಿ.’

ಮೇಷ್ಟ್ರು ನಗುತ್ತ ಬಗ್ಗಿದರು. ‘ಈ ಚಿಕ್ಕದು ಯಾತಕ್ಕೆ?’ ಎಂದು ಬಿಳಿಯದನ್ನು ಎಳೆದರು. ದೊಡ್ಡದು ಧೊಪ್ಪನೆ ಉರುಳಿ ಅವರ ಕಾಲಬುಡಕ್ಕೆ ಬಿತ್ತು. ಕೋಣೆಗೆ ಕೋಣೆಯೇ ನಕ್ಕಿತು. ಮೇಡಂ ಹೊಟ್ಟೆ ತಣ್ಣಗಾಯಿತು.

ಹುಡುಗಿ ಮಾತ್ರ ನಗಲಿಲ್ಲ. ಅಪ್ಪನ ಕೈಯಿಂದ ಬಿಳಿ ಡಬ್ಬಿಯನ್ನು ತೆಗೆದುಕೊಂಡಳು.

‘ಇದನ್ನೇ ಕೀಳ್ತೀರ ಅಂತ ಗೊತ್ತಿತ್ತು ಅಪ್ಪಾ. ಇವತ್ತೊಂದಿನ ಬಿಡ್ತೀರೇನೋ ಅಂತ ಒಂಚೂರು ಆಸೆ ಇತ್ತು, ಅಷ್ಟೇ.’