ಗಂಗತ್ತೆಯ ಕಾಮಾ

ಶೇಂಗಾ ಹುರಿಯುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಯ ಹಿಂದಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ, ಸಂಜೆ ಗಿರಣಿಯ ಸದ್ದು ನಿಂತ ಮೇಲೆ, ನನ್ನ ಸೋದರತ್ತೆ ಗಂಗತ್ತೆ ಬಿಸಿ ಬೀಜದ ತಟ್ಟೆ ಹಿಡಿದು ಕೂರುತ್ತಿದ್ದಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಇಂಗ್ಲಿಷ್ ವಾಕ್ಯ ಬರೆಯುವಳು. ಕಾಮಾ ಬರುವ ಕಡೆ ನಾವು ಮಕ್ಕಳು ಒಂದು ಬೀಜ ಇಡಬೇಕು, ಸರಿಯಿದ್ದರೆ ತಿನ್ನಬಹುದು. ‘ಆ್ಯಂಡ್’, ‘ಬಟ್’ಗಳ ಎರಡೂ ಕಡೆ ಪೂರ್ತಿ ವಾಕ್ಯವಿದ್ದರೆ ಅವಕ್ಕೆ ಮೊದಲು ಬೀಜ, ಒಂದು ಕಡೆ ಅರ್ಧ ಮಾತಿದ್ದರೆ ಬೀಜವಿಲ್ಲ. ತಪ್ಪಿಟ್ಟವರಿಗೆ ಬೈಗುಳವಿರಲಿಲ್ಲ, ಬಾಯಿ ಬರಿದು, ಅಷ್ಟೇ. ಅವಳು ಮತ್ತೆ ಮತ್ತೆ ಬರೆಯುತ್ತಿದ್ದ ವಾಕ್ಯ ಈಗಲೂ ಕಣ್ಣಿಗೆ ಕಟ್ಟಿದೆ: ‘ಮೈ ಬ್ರದರ್ ವೆಂಟ್ ಟು ಕಾಲೇಜ್, ಬಟ್ ಐ ಸ್ಟೇಡ್ ಅಟ್ ಹೋಮ್.’ ನಾವು ಬೀಜ ಇಟ್ಟು ತಿಂದೆವೇ ಹೊರತು, ಅದು ಯಾರ ಮಾತೆಂದು ಕೇಳಲಿಲ್ಲ.

ಅದು ಅವಳದೇ. ಟೀಚರ್ ಆಗಬೇಕೆಂದು ಅವಳಿಗೆ ಜೀವದಷ್ಟು ಆಸೆ. ಮೊದಲು ಹುಡುಗ ಓದಲಿ ಎಂದ ತಾತ. ಆ ಹುಡುಗ, ಅಂದರೆ ನನ್ನ ಚಿಕ್ಕಪ್ಪ, ಇಂಗ್ಲಿಷಿನಲ್ಲಿ ಫೇಲಾದಾಗ ಇದೇ ಪಡಸಾಲೆಯಲ್ಲಿ ಬೀಜ ಇಟ್ಟು ಪಾಸು ಮಾಡಿಸಿದವಳು ಗಂಗತ್ತೆ. ಅವನ ಡಿಗ್ರಿ ಮುಗಿಯಲಿ, ಆಮೇಲೆ ನಿನ್ನ ಸರದಿ ಎಂದಿದ್ದರು. ಮುಗಿಯುವಷ್ಟರಲ್ಲಿ ಅವಳನ್ನು ಮೊಳಕಾಲ್ಮುರಿನ ಸೀರೆ ವ್ಯಾಪಾರದ ಮನೆಗೆ ಕೊಟ್ಟಾಗಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ಆಮೇಲೆ ಸರದಿಯ ಮಾತನ್ನು ಯಾರೂ ಎತ್ತಲಿಲ್ಲ.

ಚಿಕ್ಕಪ್ಪ ಹೆಸರಾಂತ ಇಂಗ್ಲಿಷ್ ಮೇಷ್ಟ್ರಾದ. ಹೋದ ವರ್ಷ ಅವನ ಪಾಠದ ವಿಡಿಯೊ ನನ್ನ ಫೋನಿಗೆ ಬಂತು. ಮೇಜಿನ ಮೇಲೆ ವಾಕ್ಯ ಬರೆದ ಹಾಳೆ, ‘ಬಟ್’ಗೆ ಮೊದಲು ಶೇಂಗಾಬೀಜ. ಇದು ನಾನೇ ಕಂಡುಹಿಡಿದ ವಿಧಾನ ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಮೊಳಕಾಲ್ಮುರಿಗೆ ಹೋಗಿ ಗಂಗತ್ತೆಗೆ ತೋರಿಸಿದೆ. ಅವಳು ಬಯ್ಯಲಿ ಎಂದೇ ತೋರಿಸಿದ್ದು. ವಿಡಿಯೊದ ಕೊನೆಗೆ ಚಿಕ್ಕಪ್ಪ ಬೀಜಗಳನ್ನೆಲ್ಲ ಬಳಿದು ಡಬ್ಬಿಗೆ ಹಾಕಿ ಮುಚ್ಚಿದ.

“ಮಕ್ಳಿಗೆ ಒಂದೂ ಕೊಡ್ಲಿಲ್ಲ ನೋಡು ಅವ್ನು,” ಎಂದಳು ಗಂಗತ್ತೆ. ಸೀರೆ ಮಡಿಸತೊಡಗಿದಳು.

ಈಗ ಚಳ್ಳಕೆರೆಯ ಮನೆಯಿಲ್ಲ, ಅಲ್ಲಿ ಗಿರಣಿಯ ಗೋದಾಮಿದೆ. ಗಂಗತ್ತೆಯೂ ಇಲ್ಲ. ಅವಳ ಶಿವಗಣಾರಾಧನೆಯ ದಿನ ಫೋಟೊದ ಮುಂದೆ ನಾನೇ ಹುರಿದ ಶೇಂಗಾದ ತಟ್ಟೆ ಇಟ್ಟಿದ್ದೆ. ಬಂದವರ ಮುಂದೆ ಚಿಕ್ಕಪ್ಪ ಕಣ್ಣೊರೆಸಿಕೊಂಡ. “ನಮ್ಮಕ್ಕಂಗೆ ಓದು ಬರಹ ಅಷ್ಟಕ್ಕಷ್ಟೆ, ಆದ್ರೆ ಮನ್ಸು ಭಾಳ ಒಳ್ಳೇದಿತ್ತು ರೀ.”

ಎಲ್ಲರೂ ತಲೆದೂಗಿದರು. ಅವನು ಆ ತಟ್ಟೆಯಿಂದ ಒಂದು ಬೀಜ ತೆಗೆದು ಬಾಯಿಗೆ ಹಾಕಿಕೊಂಡ.