ಸೀರೆ ಕವರಿನೊಳಗಿನ ಟ್ಯಾಬ್

2022ರಲ್ಲಿ ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ವಿಶೇಷ ಶಿಕ್ಷಕಿಯಾಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವುದು ನನ್ನ ಕೆಲಸ. ಕಚೇರಿ ಮಧುಗಿರಿಯಲ್ಲಿತ್ತು. ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲಿ, ಒಂದು ದಿನ ಕಚೇರಿಯಲ್ಲಿ. ಆ ಹೊತ್ತಿಗೆ ಹತ್ತೊಂಬತ್ತು ವರ್ಷ ಸರ್ವೀಸ್ ಆಗಿತ್ತು. ಮಗುವನ್ನು ನೋಡಿದ ಅರ್ಧ ಗಂಟೆಯಲ್ಲಿ ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಹೇಳಬಲ್ಲೆ ಅಂದುಕೊಂಡಿದ್ದೆ.

ಈಗ ಕೆಲಸದಲ್ಲಿಲ್ಲ. ನಾನು ಪಾಠ ಹೇಳುತ್ತಿದ್ದ ಹುಡುಗಿ ಲೀಲಾ ತೀರಿಕೊಂಡು ಎರಡು ವರ್ಷ ದಾಟಿತು. ಅವಳ ವಿಷಯವನ್ನು ಮನೆಯಲ್ಲಿ ಯಾರೊಂದಿಗೂ ಮಾತನಾಡಲು ಆಗಿಲ್ಲ. ಬರೆದರೆ ಆಗಬಹುದೆಂದು ಬರೆಯುತ್ತಿದ್ದೇನೆ.

ಆ ವರ್ಷ ದಾನಿಯೊಬ್ಬರು ಮಾತು ಬಾರದ ಮಕ್ಕಳಿಗೆ ಟ್ಯಾಬ್ ಕೊಡಿಸಲು ಮುಂದೆ ಬಂದರು. ಯಾವುದನ್ನು ಕೊಳ್ಳಬೇಕೆಂದು ನಾವೇ ಪರೀಕ್ಷೆ ಮಾಡಿ ಹೇಳಬೇಕಿತ್ತು. ಮೂರು ಕಂಪನಿಗಳ ಮೂರು ಟ್ಯಾಬ್ ಬಂದವು. ಕಂಪನಿಗಳ ಹೆಸರು ಇಲ್ಲಿ ಬೇಡ. ನಾವು ಹಿಂಬದಿಗೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ ಹಾಗೆಯೇ ಕರೆಯುತ್ತಿದ್ದೆವು. ಒಂದನೆಯದು ದುಬಾರಿ, ತೆಳು, ಬೆರಳು ಸೋಕಿದರೆ ಸಾಕು ಕೆಲಸ ಮಾಡುವಂಥದ್ದು. ಎರಡನೆಯದರ ಸ್ಪೀಕರ್ ಜೋರು, ಬ್ಯಾಟರಿ ಎರಡು ದಿನ ಬರುತ್ತಿತ್ತು. ಮೂರನೆಯದು ಅಗ್ಗದ್ದು, ದಪ್ಪ. ಒತ್ತಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಉತ್ತರ ಕೊಡುತ್ತಿತ್ತು.

ಮೂರರಲ್ಲೂ ಒಂದೇ ಆ್ಯಪ್ ಹಾಕಿದ್ದೆವು. ಪರದೆಯ ಮೇಲೆ ಆರು ಚಿತ್ರ: ನೀರು, ಊಟ, ಹೊರಗೆ, ನೋವು, ಬೇಡ, ಸಾಕು. ಚಿತ್ರ ಒತ್ತಿದರೆ ಆ ಮಾತು ಕೇಳಿಸುತ್ತದೆ. ನಮ್ಮ ಸಂಯೋಜಕರಾದ ಶಿರಾದ ನಜೀರ್ ಸಾಹೇಬರು ಅಂಕಪಟ್ಟಿ ತಯಾರಿಸಿದರು. ಪರದೆ, ಧ್ವನಿ, ಬ್ಯಾಟರಿ, ತೂಕ, ಸ್ಪರ್ಶದ ವೇಗ, ಒಂದೊಂದಕ್ಕೂ ಹತ್ತು ಅಂಕ. ಕಚೇರಿಯ ಮೇಜಿನ ಮೇಲೆ ಒಂದನೆಯದು ಐವತ್ತಕ್ಕೆ ನಲವತ್ತಾರು ತೆಗೆಯಿತು, ಮೂರನೆಯದು ಇಪ್ಪತ್ತೊಂಬತ್ತು.

"ಇದೇನ್ ಮೇಡಂ, ಒತ್ತಿ ಚಾ ಕುಡ್ದು ಬಂದ್ರೆ ಆಗ ಓಪನ್ ಆಗ್ತೈತೆ," ಎಂದು ಸಾಹೇಬರು ಮೂರನೆಯದನ್ನು ಪಕ್ಕಕ್ಕಿಟ್ಟರು.

ಆದರೂ ಮನೆಗಳಲ್ಲಿ ನೋಡಬೇಕಲ್ಲ. ಕೊರಟಗೆರೆಯ ಒಬ್ಬ ಹುಡುಗ, ಶಿರಾದ ಒಬ್ಬಳು ಹುಡುಗಿ, ಪಾವಗಡ ತಾಲ್ಲೂಕಿನಲ್ಲಿ ವಳ್ಳೂರಿನ ಹತ್ತಿರದ ಹಳ್ಳಿಯ ಲೀಲಾ, ಈ ಮೂವರನ್ನು ಆರಿಸಿಕೊಂಡೆವು. ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೊಂದರಂತೆ ಟ್ಯಾಬ್‌ಗಳನ್ನು ಅದಲು ಬದಲು ಮಾಡುವುದು ಎಂದಾಯಿತು.

ಲೀಲಾಗೆ ಹನ್ನೆರಡು ವರ್ಷ. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಸೆರೆಬ್ರಲ್ ಪಾಲ್ಸಿ ಆಗಿತ್ತು. ಅಂದರೆ ಕೈಕಾಲು, ನಾಲಗೆ ಹೇಳಿದ ಮಾತು ಕೇಳುವುದಿಲ್ಲ. ಬುದ್ಧಿ ಎಷ್ಟಿದೆಯೋ ಹೊರಗಿನವರಿಗೆ ತಿಳಿಯುವುದಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂರಿಸುತ್ತಿದ್ದರು. ಬಾಯಿಂದ ಸದಾ ಜೊಲ್ಲು. ತಂದೆ ಹನುಮಂತರಾಯಪ್ಪ ಸೋಲಾರ್ ಪಾರ್ಕಿನ ಗೇಟಿನಲ್ಲಿ ಕಾವಲು. ತಾಯಿ ರತ್ನಮ್ಮ, ಅಜ್ಜಿ ಸಿದ್ದಮ್ಮ ಮನೆಯಲ್ಲಿರುತ್ತಿದ್ದರು. ಲೀಲಾಗೆ ತನಗೆ ಬೇಕಾದ್ದನ್ನು ಹೇಳಲು ಬರುತ್ತದೋ ಇಲ್ಲವೋ, ಆ ಮನೆಯಲ್ಲಿ ಅದೊಂದೇ ಪ್ರಶ್ನೆ.

ಆ್ಯಪ್‌ನೊಳಗಿನ ಕನ್ನಡ ವಾರ್ತೆ ಓದಿದ ಹಾಗಿತ್ತು. ಅದನ್ನು ತೆಗೆದು ಪ್ರತಿ ಮನೆಯಲ್ಲೂ ತಾಯಿಯ ಧ್ವನಿ ಮುದ್ರಿಸಿದೆ. ರತ್ನಮ್ಮ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

"ನನ್ ದನಿ ಎಮ್ಮೆ ಕೂಗ್ದಂಗೈತೆ ಮೇಡಂ. ನೀವೇ ಏಳ್ಬುಡಿ."

"ಅವಳು ನಿಮ್ಮ ಮನೆ ಮಾತಲ್ಲೇ ಮಾತಾಡಬೇಕು ರತ್ನಮ್ಮ."

ಸೆರಗು ತೆಗೆದು ಒಂದೊಂದಾಗಿ ಹೇಳಿದರು. ಬೇಡ ಎನ್ನುವಲ್ಲಿ ಅವರ ಬಾಯಿಂದ "ಬ್ಯಾಡ" ಎಂದು ಬಂತು. ಹಾಗೆಯೇ ಬಿಟ್ಟೆ.

ಜೂನ್‌ನಲ್ಲಿ ಒಂದನೆಯ ಟ್ಯಾಬ್ ಅವಳ ಮುಂದಿಟ್ಟೆ. ಅವಳ ಕೈ ನೇರವಾಗಿ ಹೋಗಿ ಒಂದು ಕಡೆ ನಿಲ್ಲುವಂಥದ್ದಲ್ಲ. ಅಂಗೈ ಪರದೆಯ ಮೇಲೆಲ್ಲ ಎಳೆದುಕೊಂಡು ಹೋಗುತ್ತಿತ್ತು. ನೀರು, ಸಾಕು, ಊಟ, ನೋವು ಎಲ್ಲ ಒಟ್ಟಿಗೆ ಕೂಗಿ ಆ್ಯಪ್ ಮುಚ್ಚಿಕೊಂಡಿತು. ಇಂಥ ಪರದೆ ಬೆರಳಿನಲ್ಲಿರುವ ಸಣ್ಣ ವಿದ್ಯುತ್ತನ್ನು ಗುರುತಿಸಿ ಕೆಲಸ ಮಾಡುತ್ತದೆ. ಒದ್ದೆಯಾದರೆ ನೀರ ಹನಿಯನ್ನೂ ಬೆರಳೆಂದೇ ತಿಳಿಯುತ್ತದೆ. ಜೊಲ್ಲು ಬಿದ್ದಲ್ಲೆಲ್ಲ ಅದು ತಾನಾಗಿ ಮಾತನಾಡುತ್ತಿತ್ತು.

"ಅಯ್ಯೋ ದೇವುಡಾ, ದೆವ್ವ ಬಂದೋರಂಗೆ ಒದರ್ತೈತಲ್ಲಮ್ಮ ಇದು," ಎಂದು ಸಿದ್ದಮ್ಮ ನಕ್ಕರು. ಲೀಲಾ ನಗಲಿಲ್ಲ. ಭೇಟಿಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು ಹೀಗೆ ಬರೆದೆ: "ಆಯ್ಕೆ ಮಾಡುವ ಸಾಮರ್ಥ್ಯ ಕಂಡುಬಂದಿಲ್ಲ."

ಜುಲೈನಲ್ಲಿ ಎರಡನೆಯದು. ಅದೇ ಕಥೆ. ತಿಂಗಳ ಕೊನೆಗೆ ಜೊಲ್ಲು ಚಾರ್ಜರ್ ಚುಚ್ಚುವ ಜಾಗಕ್ಕೆ ಇಳಿದು ಟ್ಯಾಬ್ ಕೆಟ್ಟಿತು. ಸಾಹೇಬರು ರಿಪೇರಿ ಮಾಡಿಸಿಕೊಟ್ಟರು. ನಾನು ರತ್ನಮ್ಮನಿಗೆ, "ಸ್ವಲ್ಪ ಜೋಪಾನ ಮಾಡಬೇಕು, ಇದು ನಮ್ಮದಲ್ಲ," ಎಂದೆ. ಬೈಯಲಿಲ್ಲ. ಆದರೆ ಹಾಗೆ ಅಂದೆ.

ಆಗಸ್ಟ್ ಕೊನೆಯ ವಾರ ಮೂರನೆಯ ಟ್ಯಾಬ್ ಹೇಗಿದೆಯೆಂದು ನೋಡಲು ಹೋದಾಗ ಸಿದ್ದಮ್ಮ ಮೊಮ್ಮಗಳಿಗೆ ಮುದ್ದೆ ತಿನ್ನಿಸುತ್ತಿದ್ದರು. ಟ್ಯಾಬ್ ಲೀಲಾಳ ತೊಡೆಯ ಮೇಲೆ, ಜಿಪ್ ಇರುವ ಪ್ಲಾಸ್ಟಿಕ್ ಸೀರೆ ಕವರಿನೊಳಗೆ ಇತ್ತು. ರತ್ನಮ್ಮನ ತಮ್ಮನ ಮದುವೆಗೆ ಹಿಂದೂಪುರದಲ್ಲಿ ತಂದ ಸೀರೆಯ ಕವರಂತೆ. ಟಿವಿ ರಿಮೋಟು, ರೇಷನ್ ಕಾರ್ಡು, ಆ ಮನೆಯಲ್ಲಿ ಬೆಲೆಯುಳ್ಳದ್ದೆಲ್ಲ ಹೀಗೆ ಕವರಿನೊಳಗೇ ಇರುತ್ತಿತ್ತು. ಲೀಲಾಳ ಕೈ ಎಂದಿನಂತೆ ಪರದೆಯ ಮೇಲೆ ಎಳೆದಾಡಿತು. ಟ್ಯಾಬ್ ಸುಮ್ಮನಿತ್ತು. ಆಮೇಲೆ ಅವಳು ಮುಷ್ಟಿಯನ್ನು ಒಂದು ಕಡೆ ಊರಿ, ಭುಜದ ಭಾರ ಬಿಟ್ಟಳು.

"ಬ್ಯಾಡ," ಎಂದಿತು ಟ್ಯಾಬ್, ರತ್ನಮ್ಮನ ದನಿಯಲ್ಲಿ.

ಸಿದ್ದಮ್ಮ ಇನ್ನೊಂದು ತುತ್ತು ಹಿಡಿದರು. "ಬ್ಯಾಡ." ಮತ್ತೊಂದು. "ಬ್ಯಾಡ."

"ನೋಡ್ದಾ, ನನ್ ಸೊಸೆ ಸಾಲ್ದು ಅಂತ ಇವ್ಳೂ ಎದ್ರು ಮಾತಾಡ್ತಾಳೆ!" ಎಂದರು ಅಜ್ಜಿ. ರತ್ನಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ಮಗಳು ಮೊದಲ ಸಲ ಒಂದನ್ನು ಒಲ್ಲೆ ಎಂದಿದ್ದಳು.

ವರದಿಗೆ ಫೋಟೊ ತೆಗೆಯಬೇಕಿತ್ತು. ಕವರಿನ ಮೇಲೆ ಬೆಳಕು ಹೊಳೆದು ಪರದೆ ಕಾಣುತ್ತಿರಲಿಲ್ಲ. "ಇಷ್ಟು ದಪ್ಪ ಕವರ್ ಯಾಕೆ ರತ್ನಮ್ಮ, ಮಗುವಿಗೆ ಚಿತ್ರ ಸರಿಯಾಗಿ ಕಾಣಬೇಡವೇ? ಇನ್ನು ಮೇಲೆ ಹಾಕಬೇಡಿ," ಎಂದು ನಾನೇ ಜಿಪ್ ಎಳೆದು ಕವರ್ ತೆಗೆದು ಅವರ ಕೈಗೆ ಕೊಟ್ಟೆ. ಫೋಟೊ ತೆಗೆದು, ತಿಂಗಳು ಮುಗಿದಿದ್ದರಿಂದ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮಧುಗಿರಿಯಲ್ಲಿ ವರದಿ ಬರೆಯಲು ಕೂತೆವು. ಕೊರಟಗೆರೆ, ಶಿರಾದ ಮಕ್ಕಳಿಬ್ಬರಿಗೂ ಬೆರಳಿನ ಹಿಡಿತ ಚೆನ್ನಾಗಿತ್ತು. ಅವರಿಗೆ ಒಂದನೆಯದೇ ಸರಿ. ಆದರೆ ಲೀಲಾ ಮಾತನಾಡಿದ್ದು ಮೂರನೆಯದರಲ್ಲಿ.

"ಒಂದೇ ಹೆಸ್ರು ಬರೀಬೇಕು ಮೇಡಂ. ಮೂರೂ ಪಾಸ್ ಅಂದ್ರೆ ಮೇಲಿನೋರು ಒಪ್ಪಲ್ಲ," ಎಂದರು ಸಾಹೇಬರು. ನಾನು ಮೂರನೆಯದನ್ನು ಬರೆದೆ. ನಿಧಾನವಾದ ಯಂತ್ರ ನಿಧಾನವಾದ ಮಗುವಿಗಾಗಿ ಕಾಯುತ್ತದೆ ಎಂದು ಕಾರಣ ಕೊಟ್ಟೆ. ಓದಿದವರೆಲ್ಲ ಮೆಚ್ಚಿದರು. ಅಗ್ಗವೂ ಆದ್ದರಿಂದ ಬೇಗ ಮಂಜೂರಾಯಿತು.

ನವೆಂಬರ್‌ನಲ್ಲಿ ಹೊಸ ಟ್ಯಾಬ್‌ಗಳು ಬಂದವು, ಎಲ್ಲ ಮೂರನೆಯ ಮಾದರಿಯವು. ಶಿರಾದ ಹುಡುಗಿ ಅದನ್ನು ನೋಡಿ ಸಾಹೇಬರಿಗೆ ಸನ್ನೆಯಲ್ಲೇ ಆಮೆ ತೋರಿಸಿದಳಂತೆ. ಲೀಲಾಳದಕ್ಕೆ ರತ್ನಮ್ಮನ ಧ್ವನಿ ತುಂಬಿಸಿ ಅವಳ ಮನೆಗೆ ನಾನೇ ತೆಗೆದುಕೊಂಡು ಹೋದೆ. ಅವಳು ಅಂಗೈ ಎಳೆದಳು. ನೀರು, ನೋವು, ಸಾಕು, ಊಟ. ಒಂದರ ಹಿಂದೊಂದು ಸ್ವಲ್ಪ ನಿಧಾನವಾಗಿ ಕೂಗಿದವು, ಅಷ್ಟೇ ವ್ಯತ್ಯಾಸ. ನಾಲ್ಕು ಭೇಟಿಯಲ್ಲೂ ಅದೇ. ಡಿಸೆಂಬರ್‌ನ ಪುಟದಲ್ಲಿ, "ಕಲಿತದ್ದನ್ನು ಮರೆತಿದ್ದಾಳೆ, ಆಸಕ್ತಿ ಕುಗ್ಗಿದೆ," ಎಂದು ಬರೆದೆ. ಆಗಸ್ಟ್‌ನಲ್ಲಿ ನೋಡಿದ್ದು ಆಕಸ್ಮಿಕವೇನೋ ಎಂದೂ ಅನ್ನಿಸಿತ್ತು. ಭೇಟಿಗಳನ್ನು ತಿಂಗಳಿಗೊಂದಕ್ಕೆ ಇಳಿಸಿದೆ.

ಆ ಚಳಿಗಾಲದಲ್ಲಿ ಅವಳು ಊಟ ಬಿಡತೊಡಗಿದಳು. ಬಾಯಿಗಿಟ್ಟರೆ ಚೀರುತ್ತಿದ್ದಳು. "ಜಗಮೊಂಡಿ ಕಣಮ್ಮ ಇವ್ಳು. ಒಂದ್ಸಲ ಬ್ಯಾಡ ಅಂದಿದ್ದೇ ರುಚಿ ಹತ್ತೈತೆ," ಎಂದು ಸಿದ್ದಮ್ಮ ಗದರುತ್ತಿದ್ದರು. ಹಟವೆಂದು ನಾನೂ ನಂಬಿದೆ.

2023ರ ಏಪ್ರಿಲ್‌ನಲ್ಲಿ ಹೋದಾಗ ರತ್ನಮ್ಮ ಬಿತ್ತನೆಗೆ ಕಡಲೇಕಾಯಿ ಸುಲಿಯುತ್ತಿದ್ದರು. ನಾನು ಪುಸ್ತಕ ತೆರೆಯುವ ಮೊದಲೇ ಮಾತು ತೆಗೆದರು.

"ಬೈಯಲ್ಲ ಅಂದ್ರೆ ಒಂದ್ ಮಾತೇಳ್ಲಾ ಮೇಡಂ?"

"ಹೇಳಿ."

"ಮೊನ್ನೆ ಮಳೆ ಬಂದು ಮನೆ ಸೋರ್ತು. ಇದು ನೆಂದೋಯ್ತದೆ ಅಂತ ಆ ಸೀರೆ ಕವರ್‌ಗೆ ಹಾಕ್ದೆ. ಹಾಕಿದ್ರೆ ಒತ್ತುತಾಳೆ ಮೇಡಂ. ಬಿಚ್ಚಿದ್ರೆ ಒತ್ತಾಕಿಲ್ಲ."

"ಕವರ್ ಇತ್ತಲ್ಲ, ನವೆಂಬರ್‌ನಲ್ಲೇ ಯಾಕೆ ಹಾಕಲಿಲ್ಲ?"

ಕಡಲೇಕಾಯಿ ಸುಲಿಯುವ ಕೈ ನಿಂತಿತು. "ನೀವೇ ಬಿಚ್ಚಿದ್ರಲ್ಲ," ಎಂದರು.

ಆಮೇಲೆ ನಾನು ಕೇಳಿದೆ: "ಏನು ಒತ್ತಿದಳು?"

"ನೋವು ಅಂತ. ಮೊನ್ನೆಯಿಂದ ಅದೊಂದೇ."

ಟ್ಯಾಬನ್ನು ಕವರಿನೊಳಗಿಟ್ಟು ಅವಳ ಮುಂದೆ ಕೂತೆ. ರತ್ನಮ್ಮ ಮಗಳ ಹೊಟ್ಟೆ ಮುಟ್ಟಿದರು, ಬೆನ್ನು ಮುಟ್ಟಿದರು, ಕಿವಿ ಮುಟ್ಟಿದರು. ಬಲಗೆನ್ನೆ ಮುಟ್ಟಿದಾಗ ಮುಷ್ಟಿ ಊರಿತು. "ನೋವು." ಮರುದಿನ ಪಾವಗಡದಲ್ಲಿ ದಂತವೈದ್ಯರು ನೋಡಿದರು. ಎರಡು ದವಡೆ ಹಲ್ಲು ಬೇರಿನವರೆಗೆ ಕೊಳೆತು ಕೀವು ತುಂಬಿತ್ತು. "ಇದು ನಿನ್ನೆ ಮೊನ್ನೆಯದಲ್ಲ, ತಿಂಗಳುಗಳೇ ಆಗಿವೆ," ಎಂದರು. ಅಂದು ಸಿದ್ದಮ್ಮ ಮುದ್ದೆ ಬಿಟ್ಟು ಮೊಮ್ಮಗಳಿಗೆ ಗಂಜಿ ಕಾಯಿಸಿದರು.

ಕಚೇರಿಗೆ ಬಂದು ಉಳಿದ ಎರಡು ಟ್ಯಾಬ್‌ಗಳನ್ನೂ ಕಪಾಟಿನಿಂದ ತೆಗೆಸಿದೆ. ಮುಂದಿನ ವಾರ ಅವನ್ನು ಒಂದೊಂದಾಗಿ ಅದೇ ಕವರಿನೊಳಗಿಟ್ಟು ಲೀಲಾಳ ಮುಂದಿಟ್ಟೆವು. ಒಂದನೆಯದರಲ್ಲೂ ಮಾತನಾಡಿದಳು, ಎರಡನೆಯದರಲ್ಲೂ ಮಾತನಾಡಿದಳು. ಕವರಿಗೂ ಗಾಜಿಗೂ ನಡುವೆ ಸ್ವಲ್ಪ ಗಾಳಿ ಇರುತ್ತಿತ್ತು. ಎಳೆದಾಡುವ ಅಂಗೈ ಗಾಜಿಗೆ ತಾಗುತ್ತಿರಲಿಲ್ಲ, ಜೊಲ್ಲೂ ತಾಗುತ್ತಿರಲಿಲ್ಲ. ಅವಳು ಬೇಕೆಂದು ಊರಿದ ಕಡೆ ಮಾತ್ರ ಪ್ಲಾಸ್ಟಿಕ್ ಗಾಜಿಗೆ ಅಂಟುತ್ತಿತ್ತು.

ನಜೀರ್ ಸಾಹೇಬರು ಕವರನ್ನು ತಿರುಗಿಸಿ ನೋಡಿದರು. "ಹಂಗಾದ್ರೆ ಮೂರು ತಿಂಗ್ಳು ನಾವು ಹೋಲಿಸಿದ್ದು ಏನನ್ನ ಮೇಡಂ?"

ಮೂರು ಟ್ಯಾಬ್‌ಗಳಿಗೆ ಅಂಕ ಕೊಟ್ಟಿದ್ದೆವು. ಗೆದ್ದದ್ದಕ್ಕೆ ಪಟ್ಟಿಯಲ್ಲಿ ಸಾಲೇ ಇರಲಿಲ್ಲ. ಬೆರಳಿನ ಹಿಡಿತ ಇದ್ದ ಇಬ್ಬರಿಗೆ ನಿಧಾನದ ಯಂತ್ರ ಕೊಟ್ಟಿದ್ದೆ, ಲೀಲಾಗೆ ಏಳು ತಿಂಗಳ ಮೌನ ಕೊಟ್ಟಿದ್ದೆ. ತಪ್ಪೊಪ್ಪಿ ಹೊಸ ವರದಿ ಬರೆದು ಕಳಿಸಿದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಶಿರಾದ ಹುಡುಗಿಗೆ ಮಾತ್ರ ಸಾಹೇಬರು ಒಂದನೆಯ ಟ್ಯಾಬನ್ನು ಕೊಟ್ಟು ಬಂದರು.

ಆಮೇಲೆ ನಾಲ್ಕು ತಿಂಗಳು ಲೀಲಾ ಮಾತನಾಡಿದಳು. ಬೆಳಿಗ್ಗೆ ಅಪ್ಪನ ಬೈಕಿನ ಸದ್ದು ಕೇಳಿದರೆ "ಹೊರಗೆ." ಹನುಮಂತರಾಯಪ್ಪ ರಾತ್ರಿ ಪಾಳಿ ಮುಗಿಸಿ ಬಂದವರು ಹೆಲ್ಮೆಟ್ ತೆಗೆಯದೆ ಅವಳನ್ನು ಎತ್ತಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದರು. ಒಂದು ದಿನ ನಾನು ಬಣ್ಣಗಳ ಪಾಠ ಮಾಡುತ್ತಿದ್ದಾಗ ಮುಷ್ಟಿ ಊರಿ "ಸಾಕು" ಎಂದಳು. "ಮೇಡಂ, ಬೆಲ್ ಒಡೀತು," ಎಂದು ರತ್ನಮ್ಮ ನಕ್ಕರು. ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಕೊನೆ.

ಆಗಸ್ಟ್‌ನಲ್ಲಿ ಜ್ವರ ಬಂತು, ಕಫ ಕಟ್ಟಿತು. ಪಾವಗಡದಿಂದ ತುಮಕೂರಿಗೆ ಕರೆದುಕೊಂಡು ಹೋದರು. ನ್ಯುಮೋನಿಯ. ರತ್ನಮ್ಮ ಟ್ಯಾಬನ್ನೂ ಒಯ್ದಿದ್ದರು. ಆದರೆ ಕವರನ್ನು ಒತ್ತಲು ಬೇಕಾದ ಬಲ ಲೀಲಾಳ ಕೈಯಲ್ಲಿ ಇರಲಿಲ್ಲ. ನಾನು ಹೋದಾಗ ರತ್ನಮ್ಮ ಟ್ಯಾಬನ್ನು ಪಕ್ಕಕ್ಕಿಟ್ಟು, ಆರು ಮಾತನ್ನೂ ತಾವೇ ಒಂದೊಂದಾಗಿ ಹೇಳಿ, ಪ್ರತಿ ಮಾತಿಗೂ ಮಗಳ ಕಣ್ಣನ್ನು ನೋಡುತ್ತ ಕಾಯುತ್ತಿದ್ದರು. ನೀರಾ? ಕಾಯುವುದು. ನೋವಾ? ಕಾಯುವುದು. ನನಗೆ ಯಾರೂ ಕಲಿಸದ ಪಾಠವನ್ನು ಆ ವಾರ್ಡಿನಲ್ಲಿ ನಿಂತು ನೋಡಿದೆ. ಮೂರನೆಯ ದಿನ ಬೆಳಿಗ್ಗೆ ಲೀಲಾ ಹೋದಳು. ಊಟ ಬಿಟ್ಟು ಸೊರಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ವೈದ್ಯರು. ಇಲ್ಲದಿರಬಹುದು.

ಕೆಲಸದಲ್ಲಿ ಉಳಿದ ಒಂದೂವರೆ ವರ್ಷ ನಾನು ಯಾವ ಮಗುವಿನ ಹೆಸರಿನ ಮುಂದೆಯೂ 'ಬರುವುದಿಲ್ಲ' ಎಂದು ಬರೆಯಲಿಲ್ಲ. ಎಷ್ಟು ಹೊತ್ತು ಕಾದೆ, ಮನೆಯವರು ಏನು ಮಾಡಿ ನೋಡಿದ್ದಾರೆ ಎಂದು ಕೇಳಿದೆನೇ, ಈ ಎರಡನ್ನು ಬರೆದೆ. ಯಾವ ಟ್ಯಾಬ್ ಒಳ್ಳೆಯದು ಎಂದು ಹೊಸ ಶಿಕ್ಷಕಿಯರು ಕೇಳಿದರೆ, ಮನೆಯವರು ಅದಕ್ಕೆ ಏನು ಮಾಡುತ್ತಾರೋ ನೋಡಿ, ಕೈ ಹಾಕಬೇಡಿ ಎನ್ನುತ್ತಿದ್ದೆ.

ಲೀಲಾಳ ತಿಥಿ ಮುಗಿದ ಮೇಲೆ ಟ್ಯಾಬ್ ವಾಪಸು ತರಲು ಹೋಗಬೇಕಾಯಿತು. ಸಂಸ್ಥೆಯ ವಸ್ತು, ಇನ್ನೊಂದು ಮಗುವಿಗೆ ಸಲ್ಲಬೇಕು. ರತ್ನಮ್ಮ ಒರೆಸಿ ಇಟ್ಟಿದ್ದರು. ಅದು ಹೊಸ ಕವರಿನೊಳಗಿತ್ತು.

"ಹಳೇದು?" ಎಂದೆ.

ಒಳಗಿನಿಂದ ತಂದು ತೋರಿಸಿದರು. ಎಲ್ಲ ಕಡೆ ತಿಳಿಯಾಗಿದ್ದ ಪ್ಲಾಸ್ಟಿಕ್, ಬ್ಯಾಡ ಎನ್ನುವ ಚಿತ್ರವಿದ್ದ ಜಾಗದಲ್ಲಿ ಮುಷ್ಟಿಯಗಲ ಬೆಳ್ಳಗೆ ಸವೆದಿತ್ತು.

"ಅದ್ರಾಗಿರೋ ದನಿ ನಂದು ಮೇಡಂ, ನೀವು ಅಳಿಸ್ಕೊಳ್ಳಿ," ಎಂದು ಅವರು ಹಳೆಯ ಕವರನ್ನು ಮಡಿಸಿ ಸೀರೆಗಳ ಕೆಳಗೆ ಇಟ್ಟರು. "ಇದು ಅವ್ಳದು, ನನ್ಗಿರ್ಲಿ. ಆ ಹೊಸಾದು ಯಾವ್ ಮಗೀಗೆ ಕೊಡ್ತೀರೋ, ಅವ್ರ ಅಮ್ಮಂಗೆ ಏಳಿ. ಯಾರ್ ಬಂದು ಏಳಿದ್ರೂ ಬಿಚ್ಚಬ್ಯಾಡ ಅಂತ."