ಅಮ್ಮ ಬಂದವ್ಳೆ ಅಂದವಳು

ಅವಳ ಉಗುರುಗಳ ಸಂದಿಯಲ್ಲಿ ಸದಾ ಕಪ್ಪು ಅಂಟು ಇರುತ್ತಿತ್ತು. ಪಿರಿಯಾಪಟ್ಟಣದ ಕಡೆಯವಳು. ರಜೆ ಸಿಕ್ಕಾಗಲೆಲ್ಲ ಮನೆಗೆ ಹೋಗಿ ಹೊಗೆಸೊಪ್ಪು ಕಟ್ಟಿ ಬರುತ್ತಿದ್ದಳು. ಆ ಅಂಟು ಯಾವ ಸೋಪಿಗೂ ಬಿಡುತ್ತಿರಲಿಲ್ಲ. ಹೀಗೆ ಬರೆದ ಮೇಲೆ ಅನುಮಾನ ಬರುತ್ತಿದೆ. ಹೊಗೆಸೊಪ್ಪಿನ ಕೆಲಸ ವರ್ಷವಿಡೀ ಇರುವುದಿಲ್ಲ. ಆ ಕಪ್ಪು ಕೆಲವು ತಿಂಗಳು ಮಾತ್ರ ಇದ್ದಿರಬೇಕು, ಮಿಕ್ಕದ್ದನ್ನು ನನ್ನ ನೆನಪೇ ಬಳಿದಿರಬೇಕು. ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಅಸಹ್ಯ ಮಾತ್ರ ತಪ್ಪಿಲ್ಲ.

ಹುಣಸೂರಿನ ಹಾಸ್ಟೆಲಿನಲ್ಲಿ ಮೊದಲ ವರ್ಷದವರಿಗೆ ಯಾರ ಜೊತೆ ಇರುತ್ತೀರಿ ಎಂದು ಕೇಳುವ ಪದ್ಧತಿ ಇರಲಿಲ್ಲ. ಬಂದ ಬಂದಂತೆ ಮೂವರನ್ನು ಒಂದು ಕೋಣೆಗೆ ತುಂಬಿದರು: ಕೆ.ಆರ್. ನಗರದ ಒಬ್ಬಳು, ಬೀಚನಹಳ್ಳಿಯ ನಾನು, ನಡುವಿನ ಮಂಚಕ್ಕೆ ಇವಳು. ಊಟ ಮಾಡಿದ ಕೈಯನ್ನು ಮೊಣಕೈವರೆಗೆ ನೆಕ್ಕಿ, ಅದೇ ಬೆರಳನ್ನು ನನ್ನ ಚಟ್ನಿಪುಡಿ ಡಬ್ಬಿಗೆ ಅದ್ದುತ್ತಿದ್ದಳು. ಕಾಲಿನ ಉಗುರನ್ನು ಹಲ್ಲಿನಿಂದಲೇ ಕಡಿದು ನನ್ನ ಮಂಚದ ಕಡೆಗೆ ಉಗಿಯುತ್ತಿದ್ದಳು. ಬಾಚಿದ ಕೂದಲನ್ನು ಉಂಡೆ ಕಟ್ಟಿ ಕಿಟಕಿಯ ಸಂದಿಗೆ ತುರುಕುತ್ತಿದ್ದಳು. ಗಾಳಿ ಬಂದರೆ ಆ ಉಂಡೆಗಳು ಇಲಿಮರಿಗಳಂತೆ ನೆಲದ ಮೇಲೆ ಓಡಾಡುತ್ತಿದ್ದವು. ನನ್ನ ಟವೆಲ್ ಒದ್ದೆಯಾಗಿದ್ದರೆ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಹೇಳಿದರೆ ಅವಳದು ಒಂದೇ ಮಾತು: "ಅದೇನ್ ನಿನ್ನ ಕಚ್ತದಾ? ಸುಮ್ಕಿರೇ."

ಕೆ.ಆರ್. ನಗರದವಳು ಅವಳನ್ನು ಹಿಂದಿನಿಂದ ಹಂದಿ ಎನ್ನುತ್ತಿದ್ದಳು. ನಾನು ಎನ್ನಲಿಲ್ಲ. ಆದರೆ ನಗುತ್ತಿದ್ದೆ.

ಎರಡನೇ ಸೆಮಿಸ್ಟರಿನಲ್ಲಿ ನನಗೆ ಜ್ವರ ಬಂತು. ಮರುದಿನ ಎದೆ, ಬೆನ್ನು, ಬಾಯೊಳಗೆ ಕೂಡ ನೀರುಗುಳ್ಳೆ. ಕೆ.ಆರ್. ನಗರದವಳು ಹಾಸಿಗೆ ಸುತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ನಡುವಿನ ಮಂಚದವಳು ಹೋಗಲಿಲ್ಲ. ತನಗೆ ಚಿಕ್ಕಂದಿನಲ್ಲೇ ಆಗಿ ಹೋಗಿದೆ ಎಂದಳು. ಎಲ್ಲಿಂದಲೋ ಬೇವಿನ ಸೊಪ್ಪು ಮುರಿದು ತಂದು ದಿಂಬಿನ ಸುತ್ತ ಹಾಸಿದಳು. ಅಡುಗೆಯವರನ್ನು ಕಾಡಿ ಒಗ್ಗರಣೆ ಇಲ್ಲದ ಮೊಸರನ್ನ ಹಾಕಿಸಿಕೊಂಡು ಬಂದು, ಅದೇ ಕೈಯಲ್ಲಿ, ಅದೇ ಉಗುರಿನಲ್ಲಿ ಕಲಸಿ ಬಾಯಿಗಿಟ್ಟಳು. ವಾಕರಿಕೆ ಬಂತು. ನುಂಗಿದೆ. ನನ್ನ ಮೈಯೇ ಕೀವು ತುಂಬಿ ನಾರುತ್ತಿತ್ತು. ಆಗಲೂ ನನಗೆ ಹೇಸಿಗೆಯಾದದ್ದು ಅವಳ ಕೈ.

ನನ್ನ ಮನೆ ಎಂದರೆ ದೊಡ್ಡಪ್ಪನ ಮನೆ. ಅಪ್ಪ ನಾನು ತೀರಾ ಚಿಕ್ಕವಳಿದ್ದಾಗ ಸತ್ತುಹೋದರು. ಅಮ್ಮ ಇನ್ನೊಂದು ಮದುವೆಯಾಗಿ ಹೋದವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಗೆಂದು ಕೇಳಿಕೊಂಡು ಬೆಳೆದೆ. ದೊಡ್ಡಪ್ಪ ಅಣೆಕಟ್ಟೆಯಲ್ಲಿ ಕೆಲಸಕ್ಕಿದ್ದರು, ಒಳ್ಳೆಯವರು, ನನ್ನನ್ನು ಓದಿಸಿದವರು. ಅವರು ಹೇಳಿದ್ದನ್ನು ಅನುಮಾನಿಸುವ ಪ್ರಶ್ನೆಯೇ ಇರಲಿಲ್ಲ.

ನನ್ನ ಫೋನಿನಿಂದ ಅವರಿಗೆ ಕರೆ ಮಾಡಿದ್ದು ಇವಳು. ಅಂಟುಗೈಯಲ್ಲಿ ಫೋನನ್ನು ಕಿವಿಗಿಡದೆ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು. ನಮ್ಮ ಕಡೆ ಮೈಮೇಲೆ ಇರುವಾಗ ಆ ಕಾಯಿಲೆಯ ಹೆಸರು ಹೇಳುವುದಿಲ್ಲ. ಅಮ್ಮ ಎಂದೇ ಅನ್ನಬೇಕು, ಬಂದವಳು ದೇವರು.

"ನಿಮ್ಮುಡ್ಗಿ ತಾವ ಅಮ್ಮ ಬಂದವ್ಳೆ. ಬಂದು ಕರ್ಕಂಡೋಗಿ," ಎಂದಳು.

ಆ ಕಡೆಯಿಂದ ದೊಡ್ಡಪ್ಪನ ದನಿ, ನಾನು ಎಂದೂ ಕೇಳದ ದನಿ: "ಅಲ್ಲಿಗೂ ಬಂದ್ಲಾ? ಬಾಗ್ಲು ತೆಗೀಬ್ಯಾಡ ಕಣವ್ವ. ಇಲ್ಲಿಂದ ಅಟ್ಟಿದಂಗೆ ಅಲ್ಲಿಂದ್ಲೂ ಅಟ್ಟು."

ಇವಳಿಗೆ ಸಿಟ್ಟು ಬಂತು. "ಏನ್ ಮನ್ಸ್ರು ನೀವು? ಅಮ್ಮನ್ನ ಅಟ್ತಾರಾ? ಬಂದೋಳ್ನ ತಂಪು ಮಾಡಿ, ಕೈ ಮುಗ್ದು ಕಳುಸ್ಬೇಕು. ಕಣ್ಣೋದಾವು ನಿಮ್ಗೆ."

ಫೋನ್ ಕಟ್ಟಾಯಿತು. ಅವಳು ಅದನ್ನು ನನ್ನ ಹೊದಿಕೆಗೆ ಒರೆಸಿ, ನಿಮ್ಮ ದೊಡ್ಡಪ್ಪ ದೇವರನ್ನು ನಂಬದವರಾ ಎಂದು ಕೇಳಿದಳು. ಅವರಿಗೆ ಕಿವಿ ಮಂದ ಎಂದೆ.

ದೊಡ್ಡಪ್ಪ ಆ ಮಧ್ಯಾಹ್ನವೇ ಕಾರು ಮಾಡಿಕೊಂಡು ಬಂದರು. ವಾರ್ಡನ್ ಒಳಗೆ ಬಿಟ್ಟರು. ಅವರು ಮೊದಲು ನನ್ನನ್ನು ನೋಡಲಿಲ್ಲ. ಬಾಗಿಲ ಹಿಂದೆ ನೋಡಿದರು, ಬಚ್ಚಲಿಗೆ ಇಣುಕಿದರು. ಇವಳು ಮಂಚದ ಮೇಲೆ ಕಾಲಾಡಿಸುತ್ತಾ, ಜಡೆಯ ತುದಿ ಅಗಿಯುತ್ತಾ ಎಲ್ಲವನ್ನೂ ನೋಡಿ ಹೇಳಿದಳು: "ಅಮ್ಮ ಮೈಮ್ಯಾಲವ್ಳೆ ಕಣ್ರೀ. ಬಾಗ್ಲಿಂದೆ ಯಾಕ್ ನೋಡ್ತೀರಿ?"

ಆಗ ದೊಡ್ಡಪ್ಪ ನನ್ನ ಮುಖ ನೋಡಿದರು. ಗುಳ್ಳೆಗಳನ್ನು ನೋಡಿದರು, ಬೇವಿನ ಸೊಪ್ಪನ್ನು ನೋಡಿದರು. ಅವರ ಮೈಯೆಲ್ಲ ಸಡಿಲವಾಯಿತು. ಅದು ನೆಮ್ಮದಿ. ಕೀವು ಸುರಿಯುವ ಹುಡುಗಿಯನ್ನು ನೋಡಿ ಒಬ್ಬ ಮನುಷ್ಯನಿಗೆ ನೆಮ್ಮದಿಯಾಗುವುದನ್ನು ನಾನು ಕಂಡದ್ದು ಅದೊಂದೇ ಸಲ. ನಡುವಿನ ಮಂಚದವಳ ನೆಕ್ಕಿದ ಬೆರಳು, ಉಗಿದ ಉಗುರು, ಕೂದಲುಂಡೆ, ಯಾವುದೂ ನನಗೆ ಅಷ್ಟು ಹೇಸಿಗೆ ತರಿಸಿರಲಿಲ್ಲ.

ಅವಳನ್ನು ಆಮೇಲೆ ಪ್ರೀತಿಸಿದೆ ಎಂದು ಬರೆಯಬಹುದಿತ್ತು. ಸುಳ್ಳಾಗುತ್ತದೆ. ವಾಸಿಯಾಗಿ ಬಂದಾಗ ನನ್ನ ಚಟ್ನಿಪುಡಿ ಖಾಲಿಯಾಗಿತ್ತು, ದಿಂಬಿನಲ್ಲಿ ಅವಳ ಎಣ್ಣೆಯ ವಾಸನೆ. ಎರಡನೇ ವರ್ಷಕ್ಕೆ ನಾನೇ ಕೇಳಿ ಬೇರೆ ಕೋಣೆ ಪಡೆದೆ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಈಗ ಅವಳು ಮದುವೆಯಾಗಿ, ಮಕ್ಕಳಾಗಿ, ಬೆಟ್ಟದಪುರದ ಹತ್ತಿರ ಎಲ್ಲೋ ಇದ್ದಾಳಂತೆ. ಅವಳು ನನಗೆ ಏನು ಕೊಟ್ಟಳೆಂದು ಅವಳಿಗೆ ತಿಳಿಯದು. ಒಬ್ಬಳು ನನ್ನ ಬಾಗಿಲಿಗೆ ಬಂದಿದ್ದಳು ಎಂಬ ಸುದ್ದಿ ಕೊಟ್ಟಳು. ಅದನ್ನು ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಆದರೆ ನಾನು ಜ್ವರದಲ್ಲಿದ್ದೆ. ದೊಡ್ಡಪ್ಪ "ಅಟ್ಟಿದಂಗೆ" ಎಂದರೋ, "ಅಟ್ತಿದ್ದಂಗೆ" ಎಂದರೋ, ನೆನಪು ಒಮ್ಮೊಮ್ಮೆ ಒಂದೊಂದು ಹೇಳುತ್ತದೆ. ಮೊದಲನೆಯದಾದರೆ ಅಮ್ಮ ಬಂದದ್ದು ಒಮ್ಮೆ. ಎರಡನೆಯದಾದರೆ ನನ್ನ ಬಾಲ್ಯವಿಡೀ.

ಅಂದು ಊರಿಗೆ ಹೋಗುವ ಕಾರಿನಲ್ಲೇ ಕೇಳಿದೆ. ಗಾಳಿ ಬಡಿಯಬಾರದೆಂದು ಅವರು ಗಾಜು ಏರಿಸಿದರು. ಮೊನ್ನೆ ಹೋದಾಗ ಮತ್ತೆ ಕೇಳಿದೆ. ಜಗಲಿಯ ಮೇಲೆ ಕುಳಿತಿದ್ದರು, ಕಿವಿ ಈಗ ನಿಜಕ್ಕೂ ಮಂದವಾಗಿದೆ. ಹತ್ತಿರ ಬಗ್ಗಿ, ಜೋರಾಗಿಯೇ ಕೇಳಿದೆ:

"ದೊಡ್ಡಪ್ಪ, ಅಮ್ಮನ್ನ ಅಟ್ಟಿದ್ದು ಒಂದು ಸಲವಾ, ಬಂದಾಗೆಲ್ಲವಾ?"